ಶೇಕಡಾ 40ರ ಗೆರೆಯ ಈಚೆ: ಅಂಗವಿಕಲ ವೇತನ ನಿರಾಕರಣೆ ಮತ್ತು ಮೇಲ್ಮನವಿಯ ದಾರಿ

ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಅಂಗವಿಕಲ ವೇತನ ಸಿಗಲಿಲ್ಲವೆಂದು ಹೇಳುವವರನ್ನು, ‘ಸಿಗುವುದಿಲ್ಲವೆಂದು ಬರೆದುಕೊಟ್ಟ ಕಾಗದ ಎಲ್ಲಿದೆ?’ ಎಂದು ಕೇಳಿ ನೋಡಬೇಕು. ನಾನು ಹೀಗೆ ಕೇಳಿದವರಲ್ಲಿ ಬಹಳ ಮಂದಿಯ ಬಳಿ ಅಂಥ ಕಾಗದವೇ ಇರಲಿಲ್ಲ. ಒಬ್ಬರಿಗೆ ಕೌಂಟರಿನಲ್ಲಿ ಕುಳಿತವರು ‘ಪರ್ಸೆಂಟೇಜ್ ಕಡಿಮೆ ಐತಿ, ಬರಲ್ಲ’ ಎಂದಿದ್ದರು. ಇನ್ನೊಬ್ಬರಿಗೆ ‘ಮುಂದಿನ ತಿಂಗಳು ಬಾ’ ಎಂದು ಮೂರು ಸಲ ಹೇಳಿ ಕಳುಹಿಸಿದ್ದರು. ಮತ್ತೊಬ್ಬರ ಅರ್ಜಿಯನ್ನು ಗಣಕಯಂತ್ರವೇ ತೆಗೆದುಕೊಳ್ಳುತ್ತಿಲ್ಲವೆಂದು ಹೇಳಲಾಗಿತ್ತು. ಈ ಮೂವರೂ ತಮ್ಮ ಅರ್ಜಿ ತಿರಸ್ಕೃತವಾಗಿದೆಯೆಂದೇ ನಂಬಿ ಮನೆ ಸೇರಿದ್ದಾರೆ. ಆದರೆ ಕಾನೂನಿನ ಕಣ್ಣಿಗೆ ಅವರ ವಿರುದ್ಧ ಯಾವ ಆದೇಶವೂ ಆಗಿಲ್ಲ, ಆದೇಶವಿಲ್ಲದ ಕಡೆ ಅದನ್ನು ಪ್ರಶ್ನಿಸುವ ಮೇಲ್ಮನವಿಯೂ ಹುಟ್ಟುವುದಿಲ್ಲ.

ಮೇಲ್ಮನವಿಯ ಹಕ್ಕು ನಮ್ಮ ಕಾಯ್ದೆಗಳಲ್ಲಿ ಇಲ್ಲವೆಂದೇನೂ ಅಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಅದು ಇದೆ, ಸರ್ಕಾರಿ ಸೇವೆಗಳನ್ನು ಗೊತ್ತುಪಡಿಸಿದ ದಿನಗಳೊಳಗೆ ಕೊಡಬೇಕೆನ್ನುವ ಕರ್ನಾಟಕದ ಸಕಾಲ ಕಾಯ್ದೆಯಲ್ಲೂ ಇದೆ. ತೊಡಕಿರುವುದು, ಆ ಹಕ್ಕನ್ನು ಬಳಸಲು ಬೇಕಾದ ಮೊದಲ ಕಾಗದವೇ ಜನರ ಕೈಗೆ ಬಾರದೆ ಹೋಗುವುದರಲ್ಲಿ ಮತ್ತು ಯಾವ ನಿರ್ಧಾರವನ್ನು ಯಾರ ಮುಂದೆ ಪ್ರಶ್ನಿಸಬೇಕೆಂಬುದು ತಿಳಿಯದೆ ಹೋಗುವುದರಲ್ಲಿ. ಈ ಲೇಖನ ಮುಖ್ಯವಾಗಿ ಈ ಎರಡು ಸಂಗತಿಗಳನ್ನು ಕುರಿತದ್ದು.

ಎರಡು ಇಲಾಖೆ, ಎರಡು ನಿರ್ಧಾರ

ಜನರ ಮಾತಿನಲ್ಲಿ ಎಲ್ಲವೂ ಸೇರಿ ‘ವೇತನ ಮಾಡಿಸೋದು’ ಎಂಬ ಒಂದೇ ಕೆಲಸ. ವಾಸ್ತವದಲ್ಲಿ ಅದು ಎರಡು ಬೇರೆ ಬೇರೆ ಇಲಾಖೆಗಳು ತೆಗೆದುಕೊಳ್ಳುವ ಎರಡು ಬೇರೆ ಬೇರೆ ನಿರ್ಧಾರ. ಮೊದಲನೆಯದು ವೈದ್ಯರದು: ವ್ಯಕ್ತಿಗೆ ಕಾಯ್ದೆಯ ಅನುಸೂಚಿಯಲ್ಲಿ ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಯಾವುದಾದರೂ ಇದೆಯೇ, ಇದ್ದರೆ ಅದು ಶೇಕಡಾ ಎಷ್ಟು ಎಂಬುದನ್ನು ಜಿಲ್ಲಾಸ್ಪತ್ರೆಯ ಅಥವಾ ಅಧಿಸೂಚಿತವಾದ ಬೇರೆ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರ ಅಳೆದು ಹೇಳುತ್ತದೆ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಬರುವುದು ಇದರ ಮೇಲೆ. ಎರಡನೆಯದು ಕಂದಾಯ ಇಲಾಖೆಯದು: ಆ ಶೇಕಡಾವಾರು, ಕುಟುಂಬದ ಆದಾಯ, ವಾಸಸ್ಥಳ ಮೊದಲಾದವನ್ನು ನೋಡಿ, ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿ ಪಡೆದು, ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಮಾಸಾಶನವನ್ನು ಮಂಜೂರು ಮಾಡುತ್ತಾರೆ ಇಲ್ಲವೇ ತಿರಸ್ಕರಿಸುತ್ತಾರೆ.

ಈ ವ್ಯತ್ಯಾಸ ತಿಳಿಯದೆ ಆಗುವ ನಷ್ಟ ದೊಡ್ಡದು. ಶೇಕಡಾವಾರು ಕಡಿಮೆಯಾಯಿತೆಂದು ಕೊರಗುವವರು ತಹಶೀಲ್ದಾರರಿಗೆ ಮನವಿ ಕೊಡುತ್ತಾರೆ. ವೈದ್ಯರು ಬರೆದ ಅಂಕಿಯನ್ನು ತಿದ್ದುವ ಅಧಿಕಾರ ತಹಶೀಲ್ದಾರರಿಗಿಲ್ಲ. ಆದಾಯ ಪ್ರಮಾಣಪತ್ರದಲ್ಲಿ ತಪ್ಪಾಗಿ ಅರ್ಜಿ ಬಿದ್ದುಹೋದವರು ಮತ್ತೆ ಆಸ್ಪತ್ರೆಯ ಸರದಿಯಲ್ಲಿ ನಿಲ್ಲುತ್ತಾರೆ, ಅಲ್ಲಿ ಅವರಿಗೆ ಆಗಬೇಕಾದ ಕೆಲಸವೇ ಇರುವುದಿಲ್ಲ. ಎರಡೂ ಕಡೆ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ, ಆದರೆ ಜಗಳೂರು ಅಥವಾ ಮೊಳಕಾಲ್ಮುರು ತಾಲ್ಲೂಕಿನ ಗಡಿ ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗುವುದೆಂದರೆ ಅವರ ಒಂದು ದಿನದ ಕೂಲಿ, ಜೊತೆಗೆ ಬಂದವರ ಒಂದು ದಿನದ ಕೂಲಿ ಮತ್ತು ಇಬ್ಬರ ಬಸ್ ಚಾರ್ಜು. ನಡೆಯಲು ಕಷ್ಟಪಡುವ ವ್ಯಕ್ತಿಯೊಬ್ಬ ಇದನ್ನು ನಾಲ್ಕು ಸಲ ಮಾಡಿದ ಮೇಲೆ ಐದನೆಯ ಸಲ ಹೊರಡದಿದ್ದರೆ ಅವನಿಗೆ ಹಕ್ಕಿನ ಅರಿವಿಲ್ಲವೆಂದು ದೂರುವುದು ಅನ್ಯಾಯ.

ಮಾಸಾಶನದ ಮೊತ್ತವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಯಾವ ಅಂಕಿಗಾಗಿ ಹೋರಾಟ ಎಂಬುದು ಅದರಿಂದಲೇ ತಿಳಿಯುತ್ತದೆ. ಶೇ 40ರಿಂದ ಶೇ 75ರ ಒಳಗಿನ ವೈಕಲ್ಯಕ್ಕೆ ರಾಜ್ಯ ಸರ್ಕಾರ ಕೊಡುತ್ತಿದ್ದ ತಿಂಗಳಿಗೆ 600 ರೂಪಾಯಿಯನ್ನು 2021ರ ಜುಲೈನಲ್ಲಿ 800ಕ್ಕೆ ಏರಿಸಲಾಯಿತು. ಶೇ 75 ಮತ್ತು ಅದಕ್ಕೂ ಮೇಲ್ಪಟ್ಟವರಿಗೆ 1,400 ರೂಪಾಯಿಯ ದರವಿದೆ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಿರಬಾರದು. ಕೇಂದ್ರದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆ 2009ರಲ್ಲಿ ಆರಂಭವಾಯಿತು. ಅದರಲ್ಲಿ ಶೇ 80 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಬಡತನ ರೇಖೆಗಿಂತ ಕೆಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ ಮಾತ್ರ. ಅಂದರೆ ಶೇ 38ಕ್ಕೂ ಶೇ 41ಕ್ಕೂ ನಡುವೆ ಇರುವುದು ಮಾಸಾಶನವೇ ಇಲ್ಲದಿರುವುದಕ್ಕೂ ಇರುವುದಕ್ಕೂ ನಡುವಿನ ಅಂತರ. ಶೇ 72ಕ್ಕೂ ಶೇ 76ಕ್ಕೂ ನಡುವೆ ಇರುವುದು ತಿಂಗಳಿಗೆ 600 ರೂಪಾಯಿಯ ಅಂತರ. ಆದ್ದರಿಂದ ವೇತನ ಬರುತ್ತಿರುವವರು ಕೂಡ ತಮ್ಮ ಶೇಕಡಾವಾರನ್ನು ಪ್ರಶ್ನಿಸಲು ಕಾರಣವಿರಬಹುದು.

ಅಳತೆ ಹೇಗೆ ನಡೆಯುತ್ತದೆ

ವೈದ್ಯರು ಅಂದಾಜಿನಲ್ಲಿ ಒಂದು ಅಂಕಿ ಬರೆಯುತ್ತಾರೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಅಳತೆಯ ಮಾರ್ಗಸೂಚಿಗಳನ್ನು ಪ್ರಕಟಿಸಿತು, 2024ರ ಮಾರ್ಚ್‌ನಲ್ಲಿ ಅವನ್ನು ಪರಿಷ್ಕರಿಸಿತು. ಪ್ರತಿಯೊಂದು ವೈಕಲ್ಯಕ್ಕೂ ಅದರದೇ ಕೋಷ್ಟಕ, ಅದರದೇ ಲೆಕ್ಕವಿದೆ. ಮೇಲ್ಮನವಿಯಲ್ಲಿ ಗೆಲ್ಲಬೇಕಾದರೆ ಈ ಲೆಕ್ಕದ ಯಾವ ಹೆಜ್ಜೆಯಲ್ಲಿ ಕೈಬಿಟ್ಟುಹೋಯಿತೆಂಬುದನ್ನು ತೋರಿಸಬೇಕು. ‘ನಾನು ಬಡವ, ದಯಮಾಡಿ ಹೆಚ್ಚಿಸಿ’ ಎಂಬ ಮನವಿಗೆ ಮನುಷ್ಯರು ಕರಗಬಹುದು, ಆದರೆ ಕೋಷ್ಟಕದ ಅಂಕಿ ಅದರಿಂದ ಬದಲಾಗುವುದಿಲ್ಲ.

ಕಾಲಿನ ವೈಕಲ್ಯವನ್ನೇ ತೆಗೆದುಕೊಳ್ಳೋಣ. ಕೀಲುಗಳು ಎಷ್ಟು ಬಾಗುತ್ತವೆ, ಸ್ನಾಯುಗಳಲ್ಲಿ ಎಷ್ಟು ಬಲವಿದೆ ಎಂಬುದು ಅಳತೆಯ ಒಂದು ಭಾಗ. ಇನ್ನೊಂದು ಭಾಗ ಸ್ಥಿರತೆಯದು: ಸಮತಟ್ಟಾದ ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಪೆಟ್ಟಾದ ಕಾಲಿನ ಮೇಲೆ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಮಂಡಿಯೂರುವುದು, ತಿರುಗುವುದು. ಹೊಲದ ಕೆಲಸ, ಅಡುಗೆ, ಬಯಲು ಸೀಮೆಯ ಹಳ್ಳಿಯ ನಿತ್ಯದ ಬದುಕು ಎಲ್ಲವೂ ಈ ಪಟ್ಟಿಯಲ್ಲೇ ಇದೆ. ಆದರೆ ವೈದ್ಯರು ‘ಕೂತ್ಕೊಳ್ಳೋಕೆ ಆಗುತ್ತಾ?’ ಎಂದು ಕೇಳಿದಾಗ ನಮ್ಮ ಕಡೆಯ ಜನ ‘ಹೆಂಗೋ ಕೂತ್ಕಂತೀನಿ ಸಾರ್’ ಎನ್ನುತ್ತಾರೆ. ಅದು ಸುಳ್ಳಲ್ಲ, ಸ್ವಾಭಿಮಾನ. ಹತ್ತು ಜನರೆದುರು ತನ್ನಿಂದ ಆಗುವುದಿಲ್ಲವೆಂದು ಹೇಳಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಗೋಡೆ ಹಿಡಿದು, ಹಲ್ಲು ಕಚ್ಚಿ, ಒಂದು ನಿಮಿಷ ಕೂತು ಎದ್ದದ್ದು ಆ ಹಾಳೆಯಲ್ಲಿ ‘ಸಾಧ್ಯ’ ಎಂದಾಗುತ್ತದೆ. ಆದ್ದರಿಂದ ತಪಾಸಣೆಗೆ ಹೋಗುವವರಿಗೆ ಮನೆಯವರು ಹೇಳಿಕೊಡಬೇಕಾದದ್ದು ನಟನೆಯನ್ನಲ್ಲ, ಪೂರ್ತಿಯಾದ ಉತ್ತರವನ್ನು: ಎಷ್ಟು ದೂರ ನಡೆದರೆ ನೋವು ಬರುತ್ತದೆ, ಕೂತರೆ ಏಳಲು ಯಾರ ಕೈ ಬೇಕು, ಯಾವ ಕೆಲಸವನ್ನು ಬಿಟ್ಟು ಎಷ್ಟು ವರ್ಷವಾಯಿತು.

ಮಾನಸಿಕ ಕಾಯಿಲೆಯ ಅಳತೆಯಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಲ್ಲಿ ‘ಐಡಿಯಾಸ್’ ಎಂಬ ಮಾಪಕವನ್ನು ಬಳಸುತ್ತಾರೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ವಿಷಯಗಳಿಗೆ ಅಂಕ ಕೊಟ್ಟು, ಕಳೆದ ಎರಡು ವರ್ಷಗಳಲ್ಲಿ ಎಷ್ಟು ತಿಂಗಳು ಕಾಯಿಲೆಯ ಲಕ್ಷಣವಿತ್ತು ಎಂಬುದಕ್ಕೂ ಅಂಕ ಸೇರಿಸುತ್ತಾರೆ. ಒಟ್ಟು 20ರಲ್ಲಿ 7 ಅಂಕ ಬಂದರೆ ಶೇ 40 ಆಗುತ್ತದೆ. ಮಾತ್ರೆ ನುಂಗುತ್ತಿರುವ ರೋಗಿ ತಪಾಸಣೆಯ ದಿನ ಶಾಂತವಾಗಿ ಉತ್ತರ ಕೊಟ್ಟರೆ, ಹಿಂದಿನ ಎರಡು ವರ್ಷಗಳ ಕಥೆಯನ್ನು ಹೇಳುವವರು ಮನೆಯವರು ಮತ್ತು ಚಿಕಿತ್ಸೆಯ ಚೀಟಿಗಳು ಮಾತ್ರ. ಆ ಚೀಟಿಗಳನ್ನು ಕಳೆದುಕೊಂಡವರು ಆ ತಿಂಗಳುಗಳನ್ನೂ ಕಳೆದುಕೊಂಡಂತೆ.

ಇನ್ನು ನನ್ನ ದೊಡ್ಡಪ್ಪನ ವಿಷಯ. ಮೆಕ್ಕೆಜೋಳ ಬೆಳೆಯುವ ಸಣ್ಣ ರೈತ. ಟ್ರ್ಯಾಕ್ಟರ್ ಮಗುಚಿ ಕಾಲು ಮುರಿದು, ಮೂಳೆ ಸರಿಯಾಗಿ ಕೂಡದೆ ಕುಂಟುವಂತಾಯಿತು. ಸಂಬಂಧಪಟ್ಟ ಆಸ್ಪತ್ರೆಯಲ್ಲಿ ಕಾಲನ್ನು ಅಳೆದು ಶೇ 25 ಎಂದು ಬರೆದರು, ನಾಡಕಚೇರಿಯಲ್ಲಿ ಬರುವುದಿಲ್ಲವೆಂದರು. ‘ಹೋಗ್ಲಿ ಬಿಡಪ್ಪ, ನಮಗಿಂತ ಕಷ್ಟದಾಗಿರೋರು ಅದಾರೆ’ ಎಂದು ಅವರು ಸುಮ್ಮನಾದರು. ಅವರ ಎಡಗಣ್ಣು ನಲವತ್ತು ವರ್ಷಗಳ ಹಿಂದೆ, ಅವರು ಹುಡುಗನಾಗಿದ್ದಾಗ, ಜೋಳದ ಗರಿ ಬಡಿದು ಹೋಗಿತ್ತು. ಅದನ್ನು ಅವರು ಹೇಳಲೇ ಇಲ್ಲ, ಯಾರೂ ಕೇಳಲೂ ಇಲ್ಲ. ಒಂದು ಕಣ್ಣಿನಲ್ಲಿ ಬದುಕುವುದು ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಅದೊಂದು ವೈಕಲ್ಯವೆಂಬ ನೆನಪೇ ಅವರಿಗೂ ನಮಗೂ ಇರಲಿಲ್ಲ.

ಮಾರ್ಗಸೂಚಿಯ ಕೋಷ್ಟಕದಲ್ಲಿ ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಪೂರ್ತಿ ಹೋಗಿದ್ದರೆ ಶೇ 30 ಎಂದಿದೆ. ಅದೊಂದೇ ಇದ್ದರೆ ವೇತನ ಬಾರದು. ಆದರೆ ಒಬ್ಬರಲ್ಲೇ ಒಂದಕ್ಕಿಂತ ಹೆಚ್ಚು ವೈಕಲ್ಯಗಳಿದ್ದಾಗ ಅವನ್ನು ಸೇರಿಸಲು ಒಂದು ಸೂತ್ರವಿದೆ. ಹೆಚ್ಚಿನ ಅಂಕಿಯನ್ನು ಹಾಗೆಯೇ ಇಟ್ಟುಕೊಳ್ಳಬೇಕು. 90ರಿಂದ ಅದನ್ನು ಕಳೆದು, ಉಳಿದದ್ದನ್ನು ಕಡಿಮೆಯ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದ ಫಲವನ್ನು ಮೊದಲಿನದಕ್ಕೆ ಕೂಡಿಸಬೇಕು. ದೊಡ್ಡಪ್ಪನ ಲೆಕ್ಕದಲ್ಲಿ ಕಣ್ಣಿನ 30 ಮೊದಲಿನದು. 90ರಿಂದ 30 ಕಳೆದರೆ 60, ಅದನ್ನು ಕಾಲಿನ 25ರಿಂದ ಗುಣಿಸಿದರೆ 1,500, 90ರಿಂದ ಭಾಗಿಸಿದರೆ 16.67. ಒಟ್ಟು 46.67. ಬೇರೆ ಬೇರೆಯಾಗಿ ನೋಡಿದರೆ ಎರಡೂ ಶೇ 40ರ ಗೆರೆಯ ಕೆಳಗೆ, ಒಟ್ಟಾಗಿ ನೋಡಿದರೆ ಗೆರೆಯ ಮೇಲೆ. ಇದು ಯಾರ ಔದಾರ್ಯವೂ ಅಲ್ಲ, ಮಾರ್ಗಸೂಚಿಯಲ್ಲೇ ಇರುವ ಗಣಿತ. ಒಂದೇ ವೈಕಲ್ಯದ ಹಾಳೆಯಲ್ಲಿ ಅಳತೆ ಮುಗಿದುಹೋದ ಎಷ್ಟು ಮಂದಿಗೆ ಮಂದವಾದ ಕಿವಿಯೋ ಹೋದ ಕಣ್ಣೋ ಇರಬಹುದೆಂದು ಆಮೇಲೆ ನಾನು ಬಹಳ ಸಲ ಯೋಚಿಸಿದ್ದೇನೆ.

ಎಲ್ಲ ಸಂಕಟಕ್ಕೂ ಈ ಕಾಯ್ದೆಯಲ್ಲಿ ಜಾಗವಿಲ್ಲ ಎಂಬುದನ್ನೂ ಒಪ್ಪಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದು ಉಸಿರಾಟ ಕೆಟ್ಟವರಿಗೆ ಎಷ್ಟೇ ಕಷ್ಟವಿದ್ದರೂ ಶ್ವಾಸಕೋಶದ ಕಾಯಿಲೆ ಆ 21ರ ಪಟ್ಟಿಯಲ್ಲಿಲ್ಲ, ಮೂತ್ರಪಿಂಡದ ವೈಫಲ್ಯವೂ ಇಲ್ಲ. ಇವರ ಅರ್ಜಿ ಮೇಲ್ಮನವಿಯಲ್ಲೂ ನಿಲ್ಲುವುದು ಕಷ್ಟ, ಅದು ಶಾಸನ ಬದಲಾಗಬೇಕಾದ ವಿಷಯ. ಇದಕ್ಕೆ ವಿರುದ್ಧವಾಗಿ, ಚಿತ್ರದುರ್ಗ ಜಿಲ್ಲೆಯ ಫ್ಲೋರೈಡ್ ನೀರಿನಿಂದ ಮೂಳೆ ಬಾಗಿದವರ ಕಾಯಿಲೆಯ ಹೆಸರು ಪಟ್ಟಿಯಲ್ಲಿಲ್ಲವೆಂಬ ಕಾರಣಕ್ಕೆ ಅವರನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಚಲನೆಯ ವೈಕಲ್ಯದಲ್ಲಿ ನೋಡಬೇಕಾದದ್ದು ಕೈಕಾಲು, ಬೆನ್ನು ಎಷ್ಟು ಕೆಲಸ ಮಾಡುತ್ತಿವೆ ಎಂಬುದನ್ನು. ಕಾಯಿಲೆಯ ಹೆಸರಿಗಾಗಿ ನಿರಾಕರಣೆಯಾಗಿದ್ದರೆ ಅದು ಪ್ರಶ್ನಿಸಲು ಯೋಗ್ಯವಾದ ನಿರಾಕರಣೆ.

ಹಿಂಬರಹವೇ ಮೊದಲ ಮೆಟ್ಟಿಲು

ಕರ್ನಾಟಕದ ಕಚೇರಿಗಳಲ್ಲಿ ಅರ್ಜಿಗೆ ಬರೆದುಕೊಡುವ ಉತ್ತರಕ್ಕೆ ಹಿಂಬರಹ ಎನ್ನುತ್ತಾರೆ. ಈ ಒಂದು ಮಾತನ್ನು ಪ್ರತಿ ಕುಟುಂಬವೂ ಕಲಿತಿರಬೇಕು. ‘ಬರಲ್ಲ’ ಎಂದು ಹೇಳಿದವರಿಗೆ ‘ಹಾಗಾದರೆ ಕಾರಣ ಬರೆದು ಹಿಂಬರಹ ಕೊಡಿ ಸಾರ್’ ಎಂದು ಮರ್ಯಾದೆಯಿಂದಲೇ ಕೇಳಬೇಕು. ಕೊಡದಿದ್ದರೆ ಹಿಂಬರಹ ಕೋರಿಯೇ ಒಂದು ಅರ್ಜಿ ಬರೆದು, ಕಚೇರಿಯ ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿ ಪಡೆಯಬೇಕು, ಅಥವಾ ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು.

ವೈದ್ಯಕೀಯ ಭಾಗದಲ್ಲಿ ಇದು ಕೇಳಿ ಪಡೆಯುವ ಕೃಪೆಯೂ ಅಲ್ಲ. ಕಾಯ್ದೆಯ 58ನೇ ಕಲಮಿನ ಪ್ರಕಾರ ಪ್ರಾಧಿಕಾರ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ವೈಕಲ್ಯವಿಲ್ಲವೆಂದು ಲಿಖಿತವಾಗಿ ತಿಳಿಸಬೇಕು. 2017ರ ಕೇಂದ್ರ ನಿಯಮಗಳಲ್ಲಿ ತಿರಸ್ಕಾರಕ್ಕೆಂದೇ 8ನೇ ನಮೂನೆ ಇದೆ. ಅದರಲ್ಲಿ ತಿರಸ್ಕಾರದ ಕಾರಣವನ್ನು ಬರೆಯಬೇಕು, ಮರುಪರಿಶೀಲನೆಗೆ ಯಾರಿಗೆ ಬರೆದುಕೊಳ್ಳಬೇಕೆಂಬುದನ್ನು ತುಂಬಲು ಜಾಗವೂ ಇದೆ. ಆ ಜಾಗ ಖಾಲಿಯಿದ್ದರೆ ತುಂಬಿಸಿಕೊಂಡೇ ಹೊರಡಬೇಕು. 59ನೇ ಕಲಮು ಪ್ರಾಧಿಕಾರದ ನಿರ್ಧಾರದಿಂದ ನೊಂದ ಯಾರೇ ಆದರೂ ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದೆನ್ನುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಶೇ 25 ಎಂದು ಬರೆದ ಪ್ರಮಾಣಪತ್ರ ಬಂದರೆ ಅದು ಮೇಲ್ನೋಟಕ್ಕೆ ತಿರಸ್ಕಾರವಲ್ಲ. ಅರ್ಜಿ ಒಪ್ಪಿ ಪ್ರಮಾಣಪತ್ರವನ್ನೇ ಕೊಟ್ಟಿದ್ದಾರೆ, ಹೀಗಾಗಿ 8ನೇ ನಮೂನೆ ಬರುವುದಿಲ್ಲ. 2024ರ ಅಕ್ಟೋಬರ್‌ನ ತಿದ್ದುಪಡಿಯ ನಂತರ ಶೇ 40ರ ಕೆಳಗಿನವರಿಗೆ ಬಿಳಿ, ಶೇ 40ರಿಂದ ಶೇ 80ರ ಒಳಗಿನವರಿಗೆ ಹಳದಿ, ಶೇ 80 ಮತ್ತು ಮೇಲಿನವರಿಗೆ ನೀಲಿ ಗುರುತಿನ ಯುಡಿಐಡಿ ಕಾರ್ಡು ಎಂದಾಗಿದೆ. ಬಿಳಿ ಕಾರ್ಡು ಕೈಗೆ ಬಂದ ಮನೆಯಲ್ಲಿ ಕಾರ್ಡೇ ಸಿಕ್ಕಿತಲ್ಲ, ಇನ್ನು ವೇತನ ಬರುತ್ತದೆ ಎಂದು ತಿಂಗಳುಗಟ್ಟಲೆ ಕಾಯುವುದುಂಟು. ಆದರೆ 59ನೇ ಕಲಮಿನ ಮಾತು ‘ತಿರಸ್ಕಾರ’ ಎಂದಿಲ್ಲ, ‘ನಿರ್ಧಾರ’ ಎಂದಿದೆ. ಕಡಿಮೆ ಶೇಕಡಾವಾರು ಕೂಡ ಒಂದು ನಿರ್ಧಾರವೇ. ಆದ್ದರಿಂದ ಬಿಳಿ ಕಾರ್ಡು ಪಡೆದವರೂ ಮೇಲ್ಮನವಿಗೆ ಅರ್ಹರೆಂದೇ ನನ್ನ ಓದು. ಅದೇ ತಿದ್ದುಪಡಿ ಪ್ರಮಾಣಪತ್ರ ಕೊಡುವ ಗಡುವನ್ನು ಒಂದು ತಿಂಗಳಿನಿಂದ ಮೂರು ತಿಂಗಳಿಗೆ ಏರಿಸಿದ್ದು ಮಾತ್ರ ಅರ್ಜಿದಾರರಿಗೆ ಆದ ನಷ್ಟ.

ಮೇಲ್ಮನವಿಗೆ ಮೊದಲು ಅಳತೆಯ ಹಾಳೆ ಕೈಯಲ್ಲಿರಬೇಕು. ಪ್ರಮಾಣಪತ್ರದಲ್ಲಿ ಕೊನೆಯ ಅಂಕಿ ಮಾತ್ರ ಇರುತ್ತದೆ, ಲೆಕ್ಕದ ಹೆಜ್ಜೆಗಳು ಆಸ್ಪತ್ರೆಯ ಕಡತದಲ್ಲಿರುತ್ತವೆ. ನಿಮ್ಮದೇ ದೇಹದ ದಾಖಲೆಯನ್ನು ನೀವು ಕೇಳಬಹುದು. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಬೇಕು, ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ಈ ಮಿತಿ ದಾಟಿದ ಉದ್ದನೆಯ ಅಳಲು ಹಿಂದಕ್ಕೆ ಬರುತ್ತದೆ. ದಾವಣಗೆರೆಯವರಿಗೆ ಒಂದು ಅನುಕೂಲವೂ ಇದೆ. ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಇಲ್ಲಿಯೇ ಇದೆ. ಕಿವಿ, ಬುದ್ಧಿಮಟ್ಟ, ಚಲನೆಗೆ ಸಂಬಂಧಿಸಿದ ಪರೀಕ್ಷೆಗಳ ವರದಿಯನ್ನು ಅಂಥ ಕಡೆ ಪಡೆದು ಲಗತ್ತಿಸಿದರೆ ಮೇಲ್ಮನವಿಗೆ ತೂಕ ಬರುತ್ತದೆ.

ಪ್ರಮಾಣಪತ್ರ ಕೊಟ್ಟ ಮೇಲೆ ಕಾಯಿಲೆ ಉಲ್ಬಣಿಸಿದ್ದರೆ ದಾರಿ ಬೇರೆ. ಆಗ ಹಳೆಯ ನಿರ್ಧಾರ ತಪ್ಪೆಂದು ವಾದಿಸುವ ಬದಲು ಮರು ಅಳತೆಗೆ ಹೊಸ ಅರ್ಜಿ ಹಾಕುವುದು ಸರಿ. ಅಂದು ಇದ್ದ ಸ್ಥಿತಿಗೆ ಅಂದಿನ ಅಂಕಿ ಸರಿಯಾಗಿತ್ತೆಂದು ಮೇಲ್ಮನವಿ ವಜಾ ಆದರೆ ಅಷ್ಟು ತಿಂಗಳು ವ್ಯರ್ಥ. ತಾತ್ಕಾಲಿಕ ಪ್ರಮಾಣಪತ್ರ ಪಡೆದವರು, ಅದರಲ್ಲೂ ಮಕ್ಕಳ ತಂದೆತಾಯಿಯರು, ಅದರಲ್ಲಿ ಬರೆದ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು.

ಕಂದಾಯ ಇಲಾಖೆಯ ನಿರ್ಧಾರಕ್ಕೆ ಬಂದರೆ ಸಕಾಲವೇ ಕೈಗೆ ಎಟುಕುವ ಸಾಧನ. 2011ರ ಈ ಕಾಯ್ದೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿಯಲ್ಲಿ ಆ ಅರ್ಜಿಯನ್ನು ಗುರುತಿಸುವ ಜಿಎಸ್‌ಸಿ ಸಂಖ್ಯೆಯೂ ಸೇವೆ ಕೊಡಬೇಕಾದ ಕೊನೆಯ ದಿನವೂ ಇರುತ್ತವೆ. ಅರ್ಜಿ ತಿರಸ್ಕೃತವಾದರೆ ಅಥವಾ ದಿನ ಮೀರಿದರೆ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಮೇಲಿನ ಪ್ರಾಧಿಕಾರಕ್ಕೆ ಎರಡನೆಯದು. ತಡಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಆ ಹಣ ದೊಡ್ಡದಲ್ಲ. ಆದರೆ ಯಾವ ಅಧಿಕಾರಿಯ ಹೆಸರಿನಲ್ಲಿ ವಿಳಂಬ ಬಿತ್ತೆಂಬ ದಾಖಲೆ ಹುಟ್ಟುತ್ತದೆ, ಕಡತ ಅಲುಗುವುದು ಅದರಿಂದ. ಸ್ವೀಕೃತಿ ಇಲ್ಲದೆ ಮಧ್ಯವರ್ತಿಯ ಕೈಗೆ ಕಾಗದ ಕೊಟ್ಟವರಿಗೆ ಇದಾವುದೂ ಇಲ್ಲ.

ಮಂಜೂರಾದ ವೇತನ ನಿಂತುಹೋಗುವುದು ಇನ್ನೊಂದು ಬಗೆ, ಅದರ ಕಾರಣಗಳೂ ಹೆಚ್ಚಾಗಿ ಸರಳ. ಆಧಾರ್ ಜೋಡಣೆ ಬೇರೆ ಬ್ಯಾಂಕ್ ಖಾತೆಗೆ ಬದಲಾಗಿರುತ್ತದೆ. ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಕ್ಕೋ ದುಡಿಯಲು ಹೋದ ಕುಟುಂಬ ಪರಿಶೀಲನೆಯ ದಿನ ಊರಲ್ಲಿರುವುದಿಲ್ಲ. ಹೆಸರು ಹೋಲುವ ಬೇರೊಬ್ಬರ ಮರಣ ಇವರ ಖಾತೆಗೆ ಬಿದ್ದಿರುತ್ತದೆ. ನಡೆಯುತ್ತಿದ್ದ ವೇತನವನ್ನು ತಿಳಿವಳಿಕೆ ಪತ್ರವನ್ನೂ ಕೊಡದೆ, ಹೇಳಿಕೆಯನ್ನೂ ಕೇಳದೆ ನಿಲ್ಲಿಸುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂಬ ಒಂದು ವಾಕ್ಯವನ್ನು ಮನವಿಯಲ್ಲಿ ತಪ್ಪದೆ ಬರೆಯಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇಂಥ ಕಾಗದ ಬರೆಯಲು ನೆರವಾಗಬಲ್ಲರು. ಅವರೂ ಬಹುತೇಕ ವಿಕಲಚೇತನರೇ, ಪಡೆಯುವ ಗೌರವಧನವೂ ಅಲ್ಪವೇ, ಆದರೂ ಅನೇಕ ಹಳ್ಳಿಗಳಲ್ಲಿ ಈ ಕೆಲಸವನ್ನು ಹೊತ್ತಿರುವವರು ಅವರು.

ಇಷ್ಟರಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಸಾಕ್ಷಿ ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ವಿಕಲಚೇತನರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕು. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಸಾಕು, 15100 ಸಂಖ್ಯೆಗೆ ಕರೆಯನ್ನೂ ಮಾಡಬಹುದು. ಕೊನೆಯದು ಉಚ್ಚ ನ್ಯಾಯಾಲಯದ ರಿಟ್ ಅರ್ಜಿ. ದಾವಣಗೆರೆ, ಚಿತ್ರದುರ್ಗದವರಿಗೆ ಅದು ಧಾರವಾಡ ಪೀಠವಲ್ಲ, ಬೆಂಗಳೂರೇ. 800 ರೂಪಾಯಿಯ ವೇತನಕ್ಕೆ ಅಷ್ಟು ದೂರ ಹೋಗುವವರು ವಿರಳ. ಹಾಗಾಗಿ ಕೆಳಗಿನ ಹಂತದಲ್ಲೇ ಕಾರಣ ಸಹಿತವಾದ ಆದೇಶ ಹೊರಡುವುದು ಇಲ್ಲಿ ಬೇರೆಲ್ಲದಕ್ಕಿಂತ ಮುಖ್ಯ. 2024ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ಕಾಲೇಜು ಪ್ರವೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವೈಕಲ್ಯ ಅಳೆಯುವ ಮಂಡಳಿಗಳು ತಮ್ಮ ತೀರ್ಮಾನಕ್ಕೆ ಕಾರಣಗಳನ್ನು ದಾಖಲಿಸಬೇಕೆಂದೂ ಅಂಕಿಯೊಂದನ್ನೇ ನೋಡಿ ವ್ಯಕ್ತಿಯನ್ನು ಹೊರಗಿಡಬಾರದೆಂದೂ ಹೇಳಿತು. ಆ ಮಾತು ಬಂದದ್ದು ವಿದ್ಯಾರ್ಥಿಯ ವಿಷಯದಲ್ಲಾದರೂ ಕಾರಣ ಕೊಡಬೇಕೆಂಬ ತತ್ವ ನಾಡಕಚೇರಿಯ ಮುಂದೆ ನಿಂತ ರೈತನಿಗೂ ಸಲ್ಲಬೇಕು.

ಅಧಿಕಾರಿಗಳ ಕಡೆಯ ಭಯವನ್ನೂ ಅರ್ಥ ಮಾಡಿಕೊಳ್ಳಬಹುದು. ಸುಳ್ಳು ಪ್ರಮಾಣಪತ್ರಗಳ ಹಗರಣಗಳು ಆಗಿವೆ, ಮೋಸದಿಂದ ಸೌಲಭ್ಯ ಪಡೆದವರಿಗೆ ಕಾಯ್ದೆಯಲ್ಲೇ ಎರಡು ವರ್ಷಗಳವರೆಗಿನ ಸೆರೆವಾಸವಿದೆ, ಸಹಿ ಹಾಕಿದ ವೈದ್ಯರೂ ತನಿಖೆ ಎದುರಿಸಬೇಕಾಗುತ್ತದೆ. ಆದರೆ ಈ ಎಚ್ಚರಿಕೆಯ ಬೆಲೆಯನ್ನು ತೆರುವವರು ಮೋಸಗಾರರಲ್ಲ. ಅವರಿಗೆ ದಾಖಲೆ ಸಿದ್ಧಪಡಿಸಿಕೊಳ್ಳಲು ಬರುತ್ತದೆ. ಚೀಟಿ ಕಳೆದುಕೊಂಡವರು, ಸಂಕೋಚದಿಂದ ‘ಆಗುತ್ತೆ’ ಎಂದವರು ಇದರಲ್ಲಿ ಸೋಲುತ್ತಾರೆ.

ವೈಯಕ್ತಿಕ ಮೇಲ್ಮನವಿಯಿಂದ ಬಗೆಹರಿಯದ ಒಂದು ಪ್ರಶ್ನೆ ಉಳಿಯುತ್ತದೆ. ಕಾಯ್ದೆಯ 24ನೇ ಕಲಮು, ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ, ವಿಕಲಚೇತನರಿಗೆ ಕೊಡುವ ನೆರವು ಇತರರಿಗಿರುವ ಅದೇ ಬಗೆಯ ಯೋಜನೆಗಳಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕೆನ್ನುತ್ತದೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 2021ರ ಏರಿಕೆಯ ನಂತರ 1,200 ರೂಪಾಯಿ. ಅದರ ಮೇಲೆ ಶೇ 25 ಸೇರಿಸಿದರೆ 1,500 ಆಗುತ್ತದೆ. ಶೇ 40ರಿಂದ ಶೇ 75ರ ಒಳಗಿನ ವಿಕಲಚೇತನರಿಗೆ ಸಿಗುತ್ತಿರುವ 800 ಅದರ ಹತ್ತಿರವೂ ಇಲ್ಲ, ಶೇ 75ರ ಮೇಲಿನವರ 1,400 ಕೂಡ ಅದನ್ನು ಮುಟ್ಟುವುದಿಲ್ಲ. ಅಂಗವಿಕಲರ ಪರಿಹಾರ ಸಂವಿಧಾನದ ರಾಜ್ಯಪಟ್ಟಿಯ 9ನೇ ನಮೂದಿನಲ್ಲಿರುವ ವಿಷಯವಾದ್ದರಿಂದ ಈ ಲೆಕ್ಕವನ್ನು ಕೇಳಬೇಕಾದದ್ದು ವಿಧಾನಸೌಧವನ್ನೇ. ಎರಡು ಜಿಲ್ಲೆಗಳ ಶಾಸಕರಲ್ಲಿ ಯಾರಾದರೂ ಈ ಒಂದು ಪ್ರಶ್ನೆಯನ್ನು ಸದನದಲ್ಲಿ ಎತ್ತಿದರೆ ಅದಕ್ಕೆ ಲಿಖಿತ ಉತ್ತರ ಬರಲೇಬೇಕಾಗುತ್ತದೆ.

ದೊಡ್ಡಪ್ಪನ ಮೇಲ್ಮನವಿಯಲ್ಲಿ ನಾವು ಬೇಡಿದ್ದು ಒಂದೇ: ಕಣ್ಣು ಮತ್ತು ಕಾಲನ್ನು ಒಟ್ಟಾಗಿ, ಬಹು ವೈಕಲ್ಯದ ನಮೂನೆಯಲ್ಲಿ ಅಳೆಯಬೇಕೆಂದು. ಹಳೆಯ ಅಳತೆಯ ಹಾಳೆ, ಕಣ್ಣಿನ ವೈದ್ಯರ ಚೀಟಿ, ಸೂತ್ರದ ಲೆಕ್ಕ, ಅಷ್ಟನ್ನೇ ಲಗತ್ತಿಸಿದೆವು. ಎರಡನೆಯ ಸಲ ಕಣ್ಣಿನ ವಿಭಾಗದಲ್ಲೂ ನೋಡಿದರು, ಶೇ 47 ಎಂದು ಬರೆದರು, ವೇತನ ಮಂಜೂರಾಯಿತು. ಮೊದಲ ಸಲ ‘ಬರಲ್ಲ’ ಎಂದ ದಿನದಿಂದ ಅಲ್ಲಿಯವರೆಗೆ ಹದಿನಾಲ್ಕು ತಿಂಗಳು ಕಳೆದಿದ್ದವು, ಆ ತಿಂಗಳುಗಳ ಹಣ ಅವರಿಗೆ ಬರಲಿಲ್ಲ. ಮೊದಲ ದಿನವೇ ಯಾರಾದರೂ ಅವರ ಮುಖ ನೋಡಿ ‘ಆ ಕಣ್ಣಿಗೇನಾಗೈತೆ ಯಜಮಾನ್ರೆ?’ ಎಂದು ಕೇಳಿದ್ದರೆ ಈ ಮೇಲ್ಮನವಿಯೇ ಬೇಕಾಗುತ್ತಿರಲಿಲ್ಲ.